ಡಾಕ್ಟರಿಗೆ ಹತ್ತು ಜಾಝ್ ರೆಕಾರ್ಡು

ಮಾರ್ಚ್ 3, ಸೋಮವಾರ

ಹತ್ತೇ ಹತ್ತು ಎಂದುಬಿಟ್ಟರು ಡಾಕ್ಟರು. ಮನೆಯಲ್ಲಿ ಎಂಟುನೂರು ರೆಕಾರ್ಡು ಇಟ್ಟುಕೊಂಡವನಿಗೆ ಹತ್ತು ಆರಿಸು ಎಂದರೆ ಏನು ಹೇಳಲಿ?

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ. ಇವಳ, ಅಂದರೆ ನನ್ನ ಹೆಂಡತಿಯ, ಎಡಗಿವಿಯ ಒಳಗೆ, ಕೇಳುವ ನರದ ಮೇಲೆ, ದ್ರಾಕ್ಷಿ ಗಾತ್ರದ ಗಡ್ಡೆ ಇದೆ. ಕ್ಯಾನ್ಸರ್ ಅಲ್ಲ, ಆದರೆ ಬೆಳೆಯುತ್ತಿದೆ. ಬಿಟ್ಟರೆ ಮಿದುಳನ್ನು ಒತ್ತುತ್ತದೆ. ಆಪರೇಷನ್ ಇಪ್ಪತ್ತನೇ ತಾರೀಕು, ಗುರುವಾರ. ಏಳೆಂಟು ಗಂಟೆ ಹಿಡಿಯಬಹುದಂತೆ. ಎಡಗಿವಿ ಹೋಗುವುದು ಬಹುತೇಕ ಖಂಡಿತ. ಗಡ್ಡೆಗೆ ಅಂಟಿಕೊಂಡೇ ಮುಖದ ನರ ಇದೆ. ಅದಕ್ಕೆ ಪೆಟ್ಟಾದರೆ ಅರ್ಧ ಮುಖ ಜೋತುಬೀಳುತ್ತದೆ, ಕಣ್ಣು ಮುಚ್ಚುವುದಿಲ್ಲ, ನಗಲು ಆಗುವುದಿಲ್ಲ. ಡಾಕ್ಟರು ಇದನ್ನೆಲ್ಲ ಚಿತ್ರ ಬರೆದು ಹೇಳಿದರು. ನಾನು ಚಿತ್ರ ನೋಡದೆ ಅವರ ಕೈ ನೋಡುತ್ತಿದ್ದೆ. ಸಣ್ಣ ಕೈ, ಉಗುರು ಗಿಡ್ಡಕ್ಕೆ ಕತ್ತರಿಸಿದ ಕೈ. ಆ ಕೈ ನಡುಗಬಾರದು. ನನಗೆ ಬೇಕಾದದ್ದು ಅಷ್ಟೆ.

ಎದ್ದು ಹೊರಡುವಾಗ ಕೇಳಿದರು: "ಸರ್, ರೇಡಿಯೋದಲ್ಲಿ ಭಾನುವಾರ ಜಾಝ್ ಹಾಕೋದು ನೀವೇ ಅಲ್ವಾ? ಮೂರು ತಿಂಗಳಿಂದ ಕೇಳ್ತಿದೀನಿ. ಒಂದೂ ಅರ್ಥ ಆಗಲ್ಲ, ಆದ್ರೆ ಬಿಡೋಕೂ ಆಗಲ್ಲ. ಹೊಸಬರು ಕೇಳಲೇಬೇಕಾದ ಹತ್ತು ಆಲ್ಬಂ ಹೇಳಿ. ಆಪರೇಷನ್ ಥಿಯೇಟರಲ್ಲಿ ಮೆಲ್ಲಗೆ ಹಾಕ್ಕೋತೀವಿ. ಏನಾದ್ರೂ ಕೇಳ್ತಿದ್ರೆ ನನ್ನ ಕೈ ಹದಕ್ಕೆ ಬರುತ್ತೆ."

"ಮುಗೀತು ಬಿಡಿ ಡಾಕ್ಟ್ರೇ," ಅಂದಳು ಇವಳು. "ಇನ್ನು ಇವರಿಗೆ ನನ್ನ ಆಪರೇಷನ್ ನೆನಪಿರಲ್ಲ."

ಎಲ್ಲರೂ ನಕ್ಕರು. ಓದಿಕೊಂಡು ಬನ್ನಿ ಎಂದು ಆಪರೇಷನ್ ವಿವರ ಅಚ್ಚಾದ ಒಂದು ಕಟ್ಟು ಹಾಳೆ ಕೊಟ್ಟರು. ದಾರಿಯಲ್ಲಿ ಇವಳು ಅದನ್ನು ಓದುತ್ತಿದ್ದಳು, ನಾನು ಮನಸ್ಸಿನಲ್ಲೇ ಕಪಾಟು ತಡಕುತ್ತಿದ್ದೆ. ಪಟ್ಟಿ ಸರಿಯಾಗಿ ಕೂತರೆ ಆ ಕೈ ತಪ್ಪುವುದಿಲ್ಲ ಎಂದು ಯಾಕೋ ಅನಿಸಿಬಿಟ್ಟಿದೆ. ಹುಚ್ಚು ಎಂದು ನನಗೂ ಗೊತ್ತು.

ಮಾರ್ಚ್ 5, ಬುಧವಾರ

ಮೊದಲ ಪಟ್ಟಿ. ಆಸ್ಪತ್ರೆಯ ಹಾಳೆಗಳ ಹಿಂಬದಿ ಖಾಲಿ ಇತ್ತು, ಅದರಲ್ಲೇ ಬರೆದೆ.

ಹೊಸಬರಿಗೆ ಪಟ್ಟಿ ಕೊಡುವವರು ಸಾಮಾನ್ಯವಾಗಿ ತಮ್ಮ ಪಾಂಡಿತ್ಯ ತೋರಿಸಲು ಕೊಡುತ್ತಾರೆ. ಮೊದಲ ದಿನವೇ ಆ ನಲವತ್ತು ನಿಮಿಷದ ಸ್ಯಾಕ್ಸೊಫೋನ್ ಚೀರಾಟ ಕಿವಿಗೆ ಸುರಿದು, ಪಾಪದವರನ್ನು ಓಡಿಸುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ಒಂದನೆಯದು ಕವರಿನ ಮೇಲೆ ಕೊಡೆಯ ಚಿತ್ರ ಇರುವುದು: ಐದು ಜನ, ಅವಸರವಿಲ್ಲ, ಟ್ರಂಪೆಟ್ಟಿನವನು ಊದುವುದಕ್ಕಿಂತ ಸುಮ್ಮನಿರುವುದೇ ಹೆಚ್ಚು. ಎರಡನೆಯದರ ಕವರಿನಲ್ಲಿ ಮೂರು ಕುರ್ಚಿ: ಪಿಯಾನೋ, ಡ್ರಮ್, ಮತ್ತೆ ಬಾಸ್ ಎಂಬ ದಪ್ಪ ದನಿಯ ತಂತಿವಾದ್ಯ, ಅಷ್ಟೆ. ಮೂರಕ್ಕೆ ದೊಡ್ಡ ತಂಡದ್ದು ಇಟ್ಟೆ, ಹೊಡೆದುಹಾಕಿದೆ. ಹದಿನಾರು ಜನ ಒಟ್ಟಿಗೆ ಊದಿದರೆ ಡಾಕ್ಟರು ಬೆಚ್ಚಿಬಿದ್ದಾರು.

ಕೊಡೆಯ ರೆಕಾರ್ಡು ಒರೆಸುವ ಬಟ್ಟೆ ಸಿಗಲಿಲ್ಲ. ಇಲ್ಲಿಂದಲೇ ಇವಳನ್ನು ಮೂರು ಸಲ ಕೂಗಿದೆ. ಅಡುಗೆಮನೆಯಿಂದ ಉತ್ತರವೇ ಇಲ್ಲ. ಎದ್ದು ಹೋಗಿ, "ಇಲ್ಲಿ ಗಂಟಲು ಹರ್ಕೋತಿದೀನಿ, ನಿನಗೆ ಲಕ್ಷ್ಯವೇ ಇಲ್ಲ" ಅಂದೆ. ಬಟ್ಟೆ ತಂದುಕೊಟ್ಟಳು. ವಾಪಸು ಒಲೆಯ ಕಡೆ ಹೋದಳು.

ಬರೆಯುವಾಗ ಈಗ ತಿಳಿಯುತ್ತಿದೆ. ನಾನು ಕೂಗಿದ್ದು ಅವಳ ಎಡಗಡೆಯಿಂದ.

ಮಾರ್ಚ್ 8, ಶನಿವಾರ

ನಾದಿನಿ ಬಂದಿದ್ದಾಳೆ, ಆಪರೇಷನ್ ಮುಗಿಯುವ ತನಕ ಇರುತ್ತಾಳೆ. ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಮನೆಯಲ್ಲೂ ಉತ್ತರಪತ್ರಿಕೆ ತಿದ್ದುವ ಮುಖ.

"ಭಾವ, ಆಸ್ಪತ್ರೆ ಹಾಳೆ ಓದಿದ್ರಾ?"

"ಡಾಕ್ಟರೇ ಎಲ್ಲ ಹೇಳಿದಾರೆ."

"ಓದಿದ್ರಾ ಅಂತ ಕೇಳಿದೆ. ಅಕ್ಕ ಮೂರು ಸಲ ಓದಿದಾಳೆ."

ಓದುತ್ತೇನೆ ಎಂದೆ. ಆಮೇಲೆ, ಎಂಟನೆಯ ಸ್ಥಾನಕ್ಕೆ ಹಾಡುಗಾರ್ತಿಯದು ಬೇಕೋ ಬೇಡವೋ ಎಂದು ಇಬ್ಬರಿಗೂ ವಿವರಿಸುತ್ತಿದ್ದಾಗ ಅವಳು ತಟ್ಟೆ ದಬಕ್ಕನೆ ಇಟ್ಟಳು. "ಎರಡು ವರ್ಷದಿಂದ ಅಕ್ಕನಿಗೆ ಎಡಗಿವಿ ಸರಿಯಾಗಿ ಕೇಳಲ್ಲ. ಅವಳು ಫೋನು ಬಲಗಡೆಗೆ ಬದಲಾಯಿಸಿ ಎರಡು ವರ್ಷ ಆಯ್ತು. ನೀವು ನೋಡಿದೀರಾ? ಊರಿಗೆಲ್ಲ ಕೇಳೋದು ಕಲಿಸೋರು!"

"ಬಿಡೇ," ಅಂದಳು ಇವಳು.

ನಾನು ಎದ್ದು ಹೊರಗೆ ಬಂದೆ. ಬೀದಿಯ ಕೊನೆಯ ಬೆಂಚಿನಲ್ಲಿ ಒಂದು ತಾಸು ಕುಳಿತಿದ್ದೆ. ಯಾವ ರೆಕಾರ್ಡಿನಲ್ಲಿ ಯಾವ ಬಾಸಿನ ತಂತಿ ಒಂದು ಎಳೆ ಸಡಿಲವಿದೆ ಎಂದು ಹೇಳಬಲ್ಲೆ. ಇಪ್ಪತ್ತಾರು ವರ್ಷ ಒಟ್ಟಿಗಿದ್ದವಳು ಕಿವುಡಾಗುತ್ತಿದ್ದದ್ದು ಕಾಣಲಿಲ್ಲ. ಅವಳು "ಹಾಂ?" ಎಂದಾಗೆಲ್ಲ ರೇಗಿದ್ದೇನೆ. ನಾಚಿಕೆಯಾಗುತ್ತಿದೆ. ಬೇರೆ ಶಬ್ದ ಹುಡುಕುವುದು ಬೇಡ.

ಮಾರ್ಚ್ 11, ಮಂಗಳವಾರ

ಪಟ್ಟಿ ಐದನೇ ಸಲ ಬದಲಾಯಿತು. ನಿದ್ದೆ ಇಲ್ಲ. ಇವಳಿಗೆ ಚೆನ್ನಾಗಿ ಬರುತ್ತಿದೆ.

ಮಾರ್ಚ್ 13, ಗುರುವಾರ

ಕಚೇರಿಯಲ್ಲಿ ಜಗಳ.

ಜಗಳ ಯಾರ ಜೊತೆ ಎಂದರೆ ಇಸ್ತ್ರಿ ಸಾಹೇಬರ ಜೊತೆ. ನಮ್ಮ ರೇಡಿಯೋ ಕೇಂದ್ರದ ಎಂಜಿನಿಯರಿಗೆ ನಾನೇ ಇಟ್ಟ ಹೆಸರು. ಹಳೆಯ ರೆಕಾರ್ಡುಗಳನ್ನು ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ಏರಿಸಿದ್ದನ್ನೆಲ್ಲ ಚೊಕ್ಕ ಮಾಡಿ, ಧೂಳಿನ ಚಟಪಟ ತೆಗೆದು, ನೆರಿಗೆ ಇಲ್ಲದಂತೆ ಇಸ್ತ್ರಿ ಹೊಡೆಯುವುದು ಅವರ ಕೆಲಸ. ಹನ್ನೆರಡು ವರ್ಷದಿಂದ ನಮಗೆ ಇದೇ ಜಗಳ. ಚಟಪಟ ತೆಗೆದರೆ ಆ ಕೋಣೆಯ ಗಾಳಿಯೂ ಹೋಗುತ್ತದೆ, ಸಂಗೀತದ ಉಸಿರೇ ನಿಲ್ಲುತ್ತದೆ ಎಂಬುದು ನನ್ನ ವಾದ. ಇವಳ ಮಾತೇ ಬೇರೆ. ಆ ಶಬ್ದ ಬಂದಾಗಲೆಲ್ಲ "ಕಾದ ಎಣ್ಣೆಗೆ ನೀರು ಬಿದ್ದ ಹಾಗೆ" ಅನ್ನುತ್ತಾಳೆ.

ಇವತ್ತು ಡಾಕ್ಟರಿಗಾಗಿ ಹತ್ತೂ ರೆಕಾರ್ಡನ್ನು ಏರಿಸಿದೆ. "ಕೊಡಿ, ಹತ್ತು ನಿಮಿಷದಲ್ಲಿ ಶುದ್ಧ ಮಾಡ್ಕೊಡ್ತೀನಿ" ಎಂದು ಇಸ್ತ್ರಿ ಸಾಹೇಬರು ಕೈ ಚಾಚಿದರು. ಮುಟ್ಟಬೇಡಿ ಎಂದೆ. ಸ್ವಲ್ಪ ಜೋರಾಗಿಯೇ ಎಂದೆ. ಅವರ ಮುಖ ಸಣ್ಣದಾಯಿತು.

ಪೆನ್ ಡ್ರೈವ್ ಜೊತೆಗೆ ಒಂದು ಪತ್ರವನ್ನೂ ಇಟ್ಟು ಡಾಕ್ಟರಿಗೆ ಕೊಟ್ಟುಬಂದೆ. ಪತ್ರದ ಕೊನೆಯ ಸಾಲು ನನಗೇ ಹಿಡಿಸಿತು: "ಚಟಪಟ ಶಬ್ದವನ್ನು ಬೇಕೆಂದೇ ಉಳಿಸಿದ್ದೇನೆ. ದೋಷವೆಂದು ತಿಳಿಯದೆ, ಅದನ್ನೂ ಸಂಗೀತದ ಭಾಗವಾಗಿಯೇ ಕೇಳಬೇಕು."

ಮಾರ್ಚ್ 15, ಶನಿವಾರ

ಡಾಕ್ಟರು ಫೋನು ಮಾಡಿದ್ದರು. ಒಂದನೆಯದು ಎರಡು ಸಲ ಕೇಳಿದರಂತೆ. "ಎಲ್ಲರೂ ಒಟ್ಟಿಗೆ ಶುರು ಮಾಡ್ತಾರೆ, ಆಮೇಲೆ ಒಬ್ಬೊಬ್ಬರೂ ಒಂದೊಂದು ದಿಕ್ಕು ಹಿಡೀತಾರೆ. ನಾನು ಕಳೆದುಹೋಗ್ತೀನಿ ಸರ್. ಯಾರ ಕೈ ಹಿಡ್ಕೊಳ್ಳಿ?"

ಇಷ್ಟು ಒಳ್ಳೆಯ ಪ್ರಶ್ನೆಯನ್ನು ಇಪ್ಪತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. "ಬಾಸ್ ಹಿಡ್ಕೊಳ್ಳಿ" ಎಂದೆ. "ಅವನು ಮೆರೆಯೋದಿಲ್ಲ. ಬೇರೆಯವರು ಎಲ್ಲಿಗೆ ಬೇಕಾದ್ರೂ ಹೋಗಲಿ, ಅವನು ಮನೆಯಲ್ಲೇ ಇರ್ತಾನೆ."

ಫೋನು ಇಟ್ಟಾಗ ಇವಳು ಬಾಗಿಲಲ್ಲಿ ನಿಂತಿದ್ದಳು. "ನನಗೆ ಯಾವತ್ತೂ ಹೀಗೆ ಹೇಳಿಕೊಟ್ಟಿಲ್ಲ ನೀವು," ಅಂದಳು.

"ನಿನಗೆ ಇಷ್ಟ ಇಲ್ವಲ್ಲ."

"ನಿನಗೆ ಅರ್ಥ ಆಗಲ್ಲ ಅಂದಿದ್ರಿ. ಮದುವೆಯಾದ ವರ್ಷ."

ಅಂದಿರಬಹುದು. ನೆನಪಿಲ್ಲ. ಅವಳಿಗಿದೆ.

ಮಾರ್ಚ್ 17, ಸೋಮವಾರ

ಕಚೇರಿಯಿಂದ ಬಂದಾಗ ಇವಳು ಫೋನಿನಲ್ಲಿ ಮಾತಾಡುತ್ತಿದ್ದಳು. ನನ್ನನ್ನು ಕಂಡ ಕೂಡಲೇ ಇಟ್ಟಳು. ಯಾರು ಎಂದರೆ "ತಂಗಿ" ಅಂದಳು. ತಂಗಿ ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ನಾನು ಮಾತು ಬೆಳೆಸಲಿಲ್ಲ. ಭಯವಿದ್ದವರು ಯಾರ ಜೊತೆ ಬೇಕಾದರೂ ಮಾತಾಡಿಕೊಳ್ಳಲಿ.

ಅವಳು ನಡೆಯುವಾಗ ಎಡಕ್ಕೆ ಸ್ವಲ್ಪ ವಾಲುತ್ತಾಳೆ. ಚಪ್ಪಲಿಯ ಸದ್ದಿನಲ್ಲಿ ಗೊತ್ತಾಗುತ್ತದೆ: ಒಂದು ಹೆಜ್ಜೆ ಗಟ್ಟಿ, ಒಂದು ಮೆತ್ತಗೆ.

ಮಾರ್ಚ್ 18, ಮಂಗಳವಾರ

ಇಸ್ತ್ರಿ ಸಾಹೇಬರು ತಾವಾಗಿಯೇ ಬಂದು, "ಗುರುವಾರ ಎಲ್ಲ ಚೆನ್ನಾಗಾಗುತ್ತೆ, ಧೈರ್ಯವಾಗಿರಿ" ಎಂದು ಭುಜ ತಟ್ಟಿದರು. ಅಷ್ಟು ಬೈಸಿಕೊಂಡವರು! ನನಗೆ ಕ್ಷಮೆ ಕೇಳಲು ಬಾಯಿ ಬರಲಿಲ್ಲ. ನಾಳೆ ಅವಳನ್ನು ಆಸ್ಪತ್ರೆಗೆ ಸೇರಿಸಬೇಕು.

ಮಾರ್ಚ್ 20, ಗುರುವಾರ

ಬೆಳಿಗ್ಗೆ 7.20. ಒಳಗೆ ಕರೆದುಕೊಂಡು ಹೋದರು. ಎಡಗಿವಿಯ ಹಿಂದೆ ಕೂದಲು ತೆಗೆದಿದ್ದರು. "ಹೇಗೆ ಕಾಣ್ತೀನಿ?" ಅಂದಳು. ಚೆನ್ನಾಗಿ ಎಂದೆ. ನಕ್ಕಳು. ಆ ನಗುವನ್ನು, ಎರಡೂ ಕಡೆ ಸಮವಾಗಿ ಏಳುವ ಆ ನಗುವನ್ನು ಸರಿಯಾಗಿ ನೋಡಿಕೊಂಡೆ. ನಾದಿನಿ ಬೇರೆ ಕಡೆ ತಿರುಗಿದಳು.

8.30. ಕಾಯುವ ಕೋಣೆ. ಹಸಿರು ಕುರ್ಚಿಗಳು, ಒಂದಕ್ಕೆ ಕಾಲು ಕುಂಟು. ಈಗ ಕೊಡೆಯ ಆಲ್ಬಮ್ಮಿನ ಎರಡನೇ ಸೈಡ್ ನಡೆಯುತ್ತಿರಬೇಕು.

9.40. ಪಟ್ಟಿ ತೆಗೆದು ನೋಡುತ್ತಿದ್ದೆ, ಈಗ ಎಷ್ಟನೆಯದು ಎಂದು ಲೆಕ್ಕ ಹಾಕಲು. ಹಾಳೆ ಕೈಜಾರಿ ಬಿತ್ತು. ಎತ್ತಿಕೊಂಡಾಗ ಅಚ್ಚಾದ ಬದಿ ಮೇಲಿತ್ತು. ಮೊದಲ ಸಲ ಓದಿದೆ.

"ಶಸ್ತ್ರಚಿಕಿತ್ಸೆಯ ವೇಳೆ ಮುಖದ ನರವನ್ನು ಕಾಪಾಡಲು ಒಂದು ಯಂತ್ರ ಜೋಡಿಸಲಾಗುತ್ತದೆ. ಉಪಕರಣ ನರಕ್ಕೆ ತಾಗಿದರೆ ಯಂತ್ರದ ಸ್ಪೀಕರಿನಿಂದ ಚಟಪಟ ಶಬ್ದ ಬರುತ್ತದೆ. ವೈದ್ಯರು ಆ ಶಬ್ದ ಕೇಳಿದ ಕೂಡಲೇ ಕೈ ನಿಲ್ಲಿಸುತ್ತಾರೆ."

ಚಟಪಟ ಶಬ್ದ.

ನಾನು ಬೇಕೆಂದೇ ಉಳಿಸಿದ್ದು. ಸಂಗೀತದ ಭಾಗವಾಗಿ ಕೇಳಬೇಕು ಎಂದು ಪತ್ರ ಬೇರೆ ಬರೆದಿದ್ದು. ಹತ್ತು ರೆಕಾರ್ಡು, ಏಳು ತಾಸು ಚಟಪಟ. ನರ ಕೂಗಿಕೊಂಡರೆ ಡಾಕ್ಟರು ಅದನ್ನು ನನ್ನ ಧೂಳು ಎಂದುಕೊಳ್ಳುತ್ತಾರೆ. ಕೈ ನಿಲ್ಲುವುದಿಲ್ಲ.

ಅಕ್ಷರ ನೆಟ್ಟಗೆ ಬರುತ್ತಿಲ್ಲ.

10.05. ನಾದಿನಿಗೆ ತೋರಿಸಿದೆ. ಓದಿದಳು, ತಿರುಗಿಸಿ ನನ್ನ ಪಟ್ಟಿ ನೋಡಿದಳು, ಮತ್ತೆ ತಿರುಗಿಸಿದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಅದು ಇನ್ನೂ ಕೆಟ್ಟದಾಗಿತ್ತು. "ಏಳಿ ಭಾವ" ಎಂದು ನರ್ಸಿನ ಮೇಜಿನ ತನಕ ತೋಳು ಹಿಡಿದು ನಡೆಸಿದಳು.

"ಒಳಗೆ ಹಾಡು ನಿಲ್ಲಿಸಬೇಕು ಸಿಸ್ಟರ್," ಎಂದೆ.

ನರ್ಸು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹಾಡಾ?"

"ಡಾಕ್ಟ್ರಿಗೆ ನಾನು ಕೊಟ್ಟಿರೋದು. ಅದರಲ್ಲಿ ಚಟಪಟ ಇದೆ. ಯಂತ್ರದ್ದೂ ಚಟಪಟ ಅಂತೆ. ಎರಡೂ ಒಂದೇ ಥರ ಕೇಳುತ್ತೆ."

"ಸರ್, ತಲೆ ತೆರೆದಿರೋವಾಗ ಫೋನು ಮಾಡಿ ಹಾಡು ಆರಿಸಿ ಅನ್ನೋಕಾಗುತ್ತಾ? ಕೂತ್ಕೊಳ್ಳಿ, ನೀರು ಕುಡೀರಿ."

ಆಗ ನಾನು ಕೂಗಾಡಿದೆ. ಏನು ಅಂದೆನೋ ತಿಳಿಯದು. ಕೋಣೆಯವರೆಲ್ಲ ತಿರುಗಿ ನೋಡಿದರು. ನಾದಿನಿ ನನ್ನನ್ನು ಪಕ್ಕಕ್ಕೆ ಸರಿಸಿ, ತರಗತಿಯ ದನಿಯಲ್ಲಿ, ಹಾಳೆಯ ಆ ಸಾಲಿನ ಮೇಲೆ ಬೆರಳಿಟ್ಟು ಓದಿ ಹೇಳಿದಳು. ನರ್ಸು ಫೋನು ಎತ್ತಿದರು.

10.25. ಉತ್ತರ ಬಂತು. "ಡಾಕ್ಟ್ರಿಗೆ ಗೊತ್ತಿದೆಯಂತೆ. ನಿಮ್ಮನ್ನ ಸುಮ್ಮನೆ ಕೂತ್ಕೊಳ್ಳೋಕೆ ಹೇಳಿದ್ರು."

ಏನು ಗೊತ್ತಿದೆ? ಹಾಡು ಆರಿಸಿದರಾ? ಈಗ ಗೊತ್ತಾಯಿತಾ, ಮೊದಲೇ ಗೊತ್ತಿತ್ತಾ? ಮೂರು ತಾಸು ಆಗಿಹೋಗಿದೆಯಲ್ಲ. ನರ್ಸು ಇನ್ನು ಫೋನು ಮುಟ್ಟುವುದಿಲ್ಲ ಎಂದರು.

12.15. ನಾದಿನಿ ಬ್ರೆಡ್ಡು ತಂದಳು. ಪಕ್ಕದ ಕುರ್ಚಿಯ ಮೇಲೆ ಇಟ್ಟೆ.

1.30. ಎದುರಿನ ಹೆಂಗಸು ಬಿಸ್ಕತ್ತಿನ ಪೊಟ್ಟಣ ಬಿಚ್ಚಿದರು. ಆ ಕಾಗದದ ಸದ್ದಿಗೆ ಎದ್ದು ನಿಂತುಬಿಟ್ಟೆ.

2.40. ಅವಳು ಬದುಕಿ ಬಂದು ನಗಲಾಗದಿದ್ದರೆ ಅದು ನನ್ನಿಂದ. ಗಡ್ಡೆಯಿಂದಲ್ಲ. ಇಷ್ಟನ್ನು ಬರೆದಿಡುತ್ತೇನೆ, ಆಮೇಲೆ ನನಗೆ ನಾನೇ ಸುಳ್ಳು ಹೇಳಿಕೊಳ್ಳಬಾರದು.

4.10. ಡಾಕ್ಟರು ಹೊರಗೆ ಬಂದರು. ಹಣೆಯ ಮೇಲೆ ಟೋಪಿಯ ಗೆರೆ. ಗಡ್ಡೆ ಪೂರ್ತಿ ಬಂದಿದೆ. ಎಡಗಿವಿ ಉಳಿಯಲಿಲ್ಲ. ಮುಖದ ನರ ಇಡಿಯಾಗಿದೆ. ಎಚ್ಚರವಾದ ಮೇಲೆ ನೋಡೋಣ ಎಂದರು.

ನಾನು ಬಾಯಿ ತೆರೆಯುವ ಮೊದಲೇ ಜೇಬಿನಿಂದ ನನ್ನ ಪೆನ್ ಡ್ರೈವ್ ತೆಗೆದು ಕೈಗಿಟ್ಟರು. "ಇದನ್ನ ಹಾಕಲಿಲ್ಲ ಸರ್. ನಿನ್ನೆ ಅಡ್ಮಿಟ್ ಆದ ತಕ್ಷಣ ನಿಮ್ಮ ಮನೆಯವರು ನನ್ನ ಕರೆಸಿ ಹೇಳಿದ್ರು, ಇದರಲ್ಲಿ ಯಂತ್ರದ ಥರದ್ದೇ ಶಬ್ದ ಇದೆ ಅಂತ. ನಿಜ ಹೇಳ್ಬೇಕಂದ್ರೆ ನಾನೂ ಯೋಚಿಸಿರಲಿಲ್ಲ. ಯಂತ್ರ ನೋಡ್ಕೊಳ್ಳೋ ಮೇಡಂಗೆ ಕೇಳಿಸಿದ್ವಿ. ಮೊದಲನೇ ನಿಮಿಷದಲ್ಲೇ ಬೆಚ್ಚಿಬಿದ್ರು."

"ಮತ್ತೆ, ಒಳಗೆ ಏನು ಹಾಕಿದ್ರಿ?"

"ನಿಮ್ಮ ಮನೆಯವರೇ ಬೇರೆ ಒಂದು ಕೊಟ್ರು. ಶುದ್ಧ ಮಾಡಿದ್ದು. ನಿಮಗೆ ಬೇಜಾರಾಗುತ್ತೆ, ಹೇಳಬೇಡಿ ಅಂದ್ರು. ಆಪರೇಷನ್ ಮುಗೀತಲ್ಲ, ಈಗ ಹೇಳಬಹುದು." ಒಂದು ಲಕೋಟೆ ಕೊಟ್ಟು ಹೋದರು.

ಅದರಲ್ಲಿ ಇನ್ನೊಂದು ಪೆನ್ ಡ್ರೈವ್, ಅದರ ಮೇಲೆ ಇಸ್ತ್ರಿ ಸಾಹೇಬರ ಚೊಕ್ಕ ಅಕ್ಷರ. ಸೋಮವಾರದ ಫೋನು ಯಾರಿಗೆ ಎಂದು ಈಗ ಗೊತ್ತಾಯಿತು. ಜೊತೆಗೆ ಇವಳ ಕೈಬರಹದ ಚೀಟಿ:

"ಡಾಕ್ಟರೇ, ನನಗೆ ಹತ್ತು ಗೊತ್ತಿಲ್ಲ. ಮೂರು ಗೊತ್ತು. ಕೊಡೆಯದು: ಇವರು ಖುಷಿಯಲ್ಲಿದ್ದಾಗ ಹಾಕೋದು. ಮೂರು ಕುರ್ಚಿ: ಜಗಳ ಆದ ಮೇಲೆ, ಮಾತು ಶುರು ಮಾಡೋ ಮೊದಲು ಹಾಕೋದು. ಮೆಟ್ಟಿಲಿನ ಚಿತ್ರದ್ದು: ಇವರು ಕೆಲಸಕ್ಕೆ ಹೋದ ಮೇಲೆ ನಾನು ಹಾಕ್ಕೊಳ್ಳೋದು. ಇವರಿಗೆ ಗೊತ್ತಿಲ್ಲ. ಕಷ್ಟದ ಜಾಗ ಬಂದಾಗ ಅದನ್ನೇ ಹಾಕಿ."

ಮೆಟ್ಟಿಲಿನದು ನನ್ನ ಹತ್ತರಲ್ಲಿ ಇರಲೇ ಇಲ್ಲ. ಅದನ್ನು ನಾನು ಸಾಧಾರಣ ಎಂದು ಕೆಳಗಿನ ಸಾಲಿಗೆ ತಳ್ಳಿದ್ದೆ.

ಹಸಿರು ಕುರ್ಚಿಯಲ್ಲಿ ಕುಳಿತು ಅತ್ತೆ. ನಾದಿನಿ ಬ್ಯಾಗಿನಿಂದ ಕರ್ಚೀಫು ತೆಗೆದು ಕೊಟ್ಟಳು. "ನೀವು ಅಳೋವಾಗ ಮಾತ್ರ ಸದ್ದೇ ಮಾಡಲ್ಲ ಭಾವ," ಅಂದಳು.

ಮಾರ್ಚ್ 22, ಶನಿವಾರ

ಅವಳನ್ನು ನೋಡಲು ಐದು ನಿಮಿಷ ಬಿಟ್ಟರು. ತಲೆಗೆ ದೊಡ್ಡ ಪಟ್ಟಿ. ಬಲಗಡೆ ಹೋಗಿ ನಿಂತೆ. ಡಾಕ್ಟರು "ಅಮ್ಮ, ಸ್ವಲ್ಪ ನಗಿ" ಎಂದರು.

ನಾನು ಅವಳ ಮುಖ ನೋಡಲಾರದೆ ಮಂಚದ ಕಂಬಿ ನೋಡುತ್ತಿದ್ದೆ.

"ಇತ್ಲಾಗೆ ನೋಡ್ರೀ," ಅಂದಳು. "ಇಷ್ಟು ಕಷ್ಟಪಟ್ಟು ನಗ್ತಿದೀನಿ."

ನೋಡಿದೆ. ಎಡದ ತುದಿ ಒಂದು ಎಳೆ ತಡವಾಗಿ ಎದ್ದಿತು, ಆದರೆ ಎದ್ದಿತು.

ಮಾರ್ಚ್ 31, ಸೋಮವಾರ

ಕಚೇರಿಗೆ ಹೋಗಿದ್ದೆ. ಇಸ್ತ್ರಿ ಸಾಹೇಬರ ಮೇಜಿನ ಮುಂದೆ ನಿಂತು ಕ್ಷಮೆ ಕೇಳಿದೆ. "ನೀವು ನನಗೆ ಇಟ್ಟಿರೋ ಹೆಸರು ನನಗೆ ಗೊತ್ತು" ಎಂದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಚೆನ್ನಾಗಿದೆ" ಎಂದರು. ಇಬ್ಬರೂ ಟೀ ಕುಡಿದೆವು.

ಏಪ್ರಿಲ್ 6, ಭಾನುವಾರ

ಇವಳು ಈಗ ಗೋಡೆ ಹಿಡಿಯದೆ ನಡೆಯುತ್ತಾಳೆ. ಮಧ್ಯಾಹ್ನ ಟೀ ಬೇಕಾ ಎಂದು ಕೇಳಲು ಅಡುಗೆಮನೆಯಿಂದ ಎದ್ದು ಬಂದು, ಅವಳ ಬಲಕ್ಕೆ ಕುಳಿತು ಕೇಳಿದೆ. ಟೀ ಬೇಡ, ರೆಕಾರ್ಡು ಹಾಕಿ ಅಂದಳು. ಯಾವುದು ಎಂದೆ. "ನನ್ನದು."

ಕೆಳಗಿನ ಸಾಲಿನಿಂದ ಮೆಟ್ಟಿಲಿನದನ್ನು ಎಳೆದೆ. ಕವರಿನ ಅಂಚು ಸವೆದು ಬೆಳ್ಳಗಾಗಿತ್ತು. ಅಷ್ಟು ಸಲ ನಾನಂತೂ ತೆಗೆದಿಲ್ಲ.

"ಎಲ್ಲಿಂದ ಕೇಳಿಸ್ತಿದೆ?" ಎಂದು ಕೇಳಿದೆ. ಎರಡು ಸ್ಪೀಕರಿನ ನಡುವೆ ಅವಳನ್ನು ಎಲ್ಲಿ ಕೂರಿಸಬೇಕೆಂದು ಬೆಳಿಗ್ಗೆಯಿಂದ ಕುರ್ಚಿ ಎಳೆದಾಡಿದ್ದೆ.

"ದಿಕ್ಕು ಗೊತ್ತಾಗಲ್ಲ. ಎಲ್ಲಾ ಒಂದೇ ಕಡೆಯಿಂದ ಬರುತ್ತೆ. ಪರವಾಗಿಲ್ಲ."

ಬಾಸ್ ಹಿಡಿದುಕೋ ಎಂದು ಹೇಳಲು ಹೋದೆ. ನನ್ನ ಮಣಿಕಟ್ಟಿನ ಮೇಲೆ ಅವಳ ಬೆರಳು ಆಗಲೇ ಬಾಸಿನ ಲೆಕ್ಕ ಇಡುತ್ತಿತ್ತು. ಒಂದೂ ತಪ್ಪಲಿಲ್ಲ. ನಾನೂ ಕೇಳತೊಡಗಿದೆ. ಸಾಧಾರಣ ಎಂದುಕೊಂಡಿದ್ದ ಆ ರೆಕಾರ್ಡಿನಲ್ಲಿ, ಪಿಯಾನೋದವನು ಒಂದು ಸ್ವರದ ಹತ್ತಿರ ಹೋಗಿ, ಮುಟ್ಟದೆ, ವಾಪಸು ಬರುವ ಒಂದು ಜಾಗ ಇದೆ. ಇಷ್ಟು ವರ್ಷ ನನಗೆ ಕೇಳಿಸಿರಲಿಲ್ಲ.

ಸೈಡ್ ಮುಗಿಯಿತು. ಮುಳ್ಳು ಕೊನೆಯ ಗೆರೆಯಲ್ಲಿ ಸುತ್ತುತ್ತಾ ಚಟ್, ಚಟಪಟ ಅನ್ನತೊಡಗಿತು. ಆರಿಸಲು ಏಳಹೋದೆ. ಅವಳು ಕೈ ಬಿಡಲಿಲ್ಲ.

"ಕೂತ್ಕೊಳ್ಳಿ," ಅಂದಳು. "ಈಗ ಅದು ಬರೀ ಧೂಳು."